ಮಂಟಪದ ದೇವರಿಗೆ ತಂದ ಲಗ್ನಪತ್ರಿಕೆ

ನಮ್ಮ ಕಡೆ ಲಗ್ನಪತ್ರಿಕೆ ಅಚ್ಚಾಗಿ ಬಂದರೆ ಮೊದಲನೆಯದನ್ನು ಮನೆದೇವರಿಗೆ ಇಡುತ್ತಾರೆ. ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ ಮಾಡುವವರು ಎರಡನೆಯದನ್ನು ಮಂಟಪದ ದೇವರಿಗೂ ಇಡುವುದು ರೂಢಿ. ಮಾಲೀಕರು ಕೊಬ್ಬರಿ ವ್ಯಾಪಾರಿ. ಊಟದ ಮನೆಯ ಪಕ್ಕದಲ್ಲೇ ತಮ್ಮ ದೇವರಿಗೊಂದು ಪುಟ್ಟ ಗುಡಿ ಕಟ್ಟಿಸಿದ್ದರು.

ಆ ಬೆಳಿಗ್ಗೆ ನಾನು ಅಲ್ಲಿದ್ದದ್ದು ತೆಂಗು ಬೆಳೆಗಾರರ ಸಭೆಯ ವರದಿಗೆ. ಸಭೆ ಇನ್ನೂ ಶುರುವಾಗಿರಲಿಲ್ಲ. ಹೊನ್ನವಳ್ಳಿ ಕಡೆಯ ಹೆಂಗಸೊಬ್ಬರು ಅಂಚಿಗೆ ಅರಿಶಿನ ಹಚ್ಚಿದ ಪತ್ರಿಕೆ, ಎರಡು ಬಾಳೆಹಣ್ಣು ಹಿಡಿದು ಬಂದರು. ಮಗಳ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಮಂಟಪ ಗೊತ್ತುಮಾಡಿದ್ದು ಬಸ್ ಕಂಡಕ್ಟರಾದ ಆಕೆಯ ತಮ್ಮ. ಅವನ ಇಸ್ತ್ರಿ ಮಾಡಿದ ಶರ್ಟು ನೋಡಿ ಮಾಲೀಕರು ತಮ್ಮ ಜಾತಿಯವನೇ ಅಂದುಕೊಂಡಿದ್ದರಂತೆ.

ಪತ್ರಿಕೆಯ ತಲೆಯಲ್ಲಿ ಮನೆದೇವರ ಹೆಸರಿತ್ತು. ಅದನ್ನು ಓದಿದೊಡನೆ ದಲಿತ ಕುಟುಂಬವೆಂದು ಮಾಲೀಕರಿಗೆ ತಿಳಿಯಿತು. ನಮ್ಮಲ್ಲಿ ಅಷ್ಟು ಸಾಕು.

“ಮೊದ್ಲೇ ಹೇಳ್ಬಾರ್ದೇನಮ್ಮ? ಒಳಗೆ ದೇವ್ರೈತೆ. ನಿಮಗೆ ಕೊಡಕಾಗಲ್ಲ, ಬೇರೆ ಕಡೆ ನೋಡ್ಕಳಿ.”

“ಗಂಡಿನೋರು ಆಗ್ಲೇ ಪತ್ರಿಕೆ ಹಂಚ್ತಾವ್ರೆ ಸ್ವಾಮಿ. ಈ ಮಂಟಪದ ಹೆಸ್ರೇ ಹಾಕ್ಸೀವಿ.”

“ನಂಗೇನು ನಿಮ್ಮ ಮೇಲೆ ದ್ವೇಷವಾ? ನಂಬಿಕೆ ಕಣಮ್ಮ, ಮಡಿ.”

ಆಕೆ ಗುಡಿಯ ಕಡೆ ನೋಡಿದರು. “ದೇವ್ರ ತಟ್ಟೇಲಿ ಉಂಡೆ ಕೊಬ್ಬರಿ ಐತಲ್ಲ, ಅದ್ನ ಕರಟದಿಂದ ಬಿಡ್ಸೋರು ಯಾರು? ನನ್ನಂಥೋರೇ. ಅದ್ನೂ ಈಚೆಗೆ ಇಡ್ತೀರಾ?”

ಆಕೆ ಇಪ್ಪತ್ತು ವರ್ಷದಿಂದ ಕೊಬ್ಬರಿ ಶೆಡ್ಡುಗಳಲ್ಲಿ ಕೂತು ಅದೇ ಕೆಲಸ ಮಾಡಿದವರು. ಸಭೆಗೆ ಬಂದಿದ್ದ ಬೆಳೆಗಾರನೊಬ್ಬ ಪಕ್ಕದವನಿಗೆ, “ಆಯಮ್ಮ ಸರ್ಯಾಗ್ ಕೇಳ್ತು ಕಣ್ಲಾ” ಎಂದು ನಕ್ಕ. ಮಾಲೀಕರು ತಿರುಗಿ ನೋಡಿದ್ದೇ ತಡ, ಬಗ್ಗಿ ಚಪ್ಪಲಿ ಹುಡುಕತೊಡಗಿದ.

“ನೀವೇ ಹೇಳಿ ಸಾರ್,” ಮಾಲೀಕರು ನನ್ನತ್ತ ತಿರುಗಿದರು, “ನನ್ನ ಕಟ್ಟಡ, ನನ್ನ ದೇವ್ರು. ಕಾನೂನು ನಂಬಿಕೆಗೂ ಬೆಲೆ ಕೊಡ್ಬೇಕಲ್ವಾ?”

ಅವರ ಮನೆಯ ದೇವರಕೋಣೆಗೆ ಯಾರೂ ನುಗ್ಗಿರಲಿಲ್ಲ. ‘ಎಲ್ಲ ಶುಭಕಾರ್ಯಗಳಿಗೆ ಬಾಡಿಗೆಗೆ ದೊರೆಯುತ್ತದೆ’ ಎಂಬ ಬೋರ್ಡನ್ನು ಅವರೇ ರಸ್ತೆಗೆ ಕಾಣುವಂತೆ ಹಾಕಿಸಿದ್ದರು. ಊರಿಗೆಲ್ಲ ತೆರೆದ ಬಾಗಿಲನ್ನು ಒಂದು ಜಾತಿಗೆ ಮುಚ್ಚುವುದು ಅಪರಾಧ. ನನ್ನ ತಂದೆಯ ಕಾಲದಿಂದಲೂ ಅಪರಾಧ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಆ ಕಾಯ್ದೆಯಲ್ಲಿ ಮಡಿಗೆ ವಿನಾಯಿತಿ ಇಲ್ಲ. ಅಷ್ಟನ್ನೇ ಅವರಿಗೆ ಹೇಳಿದೆ, ವರದಿಯಲ್ಲೂ ಬರೆದೆ. ನಮ್ಮ ಪತ್ರಿಕಾ ಕಚೇರಿಯವರು ಅದಕ್ಕೆ ‘ಮಂಟಪ ಬಾಡಿಗೆ: ಗೊಂದಲ’ ಎಂಬ ತಲೆಬರಹ ಕೊಟ್ಟರು. ಗೊಂದಲ ಯಾರಿಗೂ ಇರಲಿಲ್ಲ. ಮಾಲೀಕರಿಗಂತೂ ಇರಲೇ ಇಲ್ಲ. ಆ ಒಂದು ಪದದ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆಕೆ ಅದೇ ಮಧ್ಯಾಹ್ನ ತಮ್ಮನೊಂದಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಮೂರನೆಯ ದಿನ ಮಾಲೀಕರು ರಾಜಿಗೆ ಬಂದರು: ಮಂಟಪ ಕೊಡುತ್ತೇನೆ, ಗುಡಿಗೆ ಬೀಗ ಹಾಕುತ್ತೇನೆ, ದೂರು ವಾಪಸಾಗಬೇಕು. ಠಾಣೆಯಲ್ಲಿ ಅಧಿಕಾರಿಯೊಬ್ಬರು ಆಕೆಗೆ ಬುದ್ಧಿ ಹೇಳುವುದನ್ನು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ.

“ಮದ್ವೆ ನಡೀತದಲ್ಲಮ್ಮ, ಇನ್ನೇನ್ ಬೇಕು? ಬುಟ್ಬುಡಿ.”

“ಮಂಟಪ ಕೇಳಿದ್ದು ಮದ್ವೆಗೆ. ದೂರು ಕೊಟ್ಟಿದ್ದು ಬಾಗ್ಲಲ್ಲಿ ನಿಲ್ಸಿದ್ದಕ್ಕೆ. ಬೀಗ ಹಾಕಿದ್ರೆ ಅದ್ನೂ ಸೇರಿಸಿ ಬರ್ಕಳಿ ಸಾರ್.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

ದೂರು ವಾಪಸಾಗಲಿಲ್ಲ; ಅದು ಇನ್ನಷ್ಟು ಬೆಳೆದೀತೆಂದು ಮಾಲೀಕರು ಮಂಟಪ ಬಿಟ್ಟುಕೊಟ್ಟರು, ಮದುವೆ ಅಲ್ಲೇ ನಡೆಯಿತು. ಗುಡಿಗೆ ಬೀಗ ಇರಲಿಲ್ಲ. ಮುಹೂರ್ತಕ್ಕೆ ಮೊದಲು ಆಕೆ ಅದೇ ಪತ್ರಿಕೆಯನ್ನು, ಹನ್ನೊಂದು ದಿನ ಚೀಲದಲ್ಲಿದ್ದು ಮೂಲೆ ಮುದುರಿದ್ದನ್ನು, ಉಂಡೆ ಕೊಬ್ಬರಿಯ ಪಕ್ಕ ಇಟ್ಟು ಕೈಮುಗಿದರು. ಮಾಲೀಕರು ಆ ದಿನ ಊರಲ್ಲಿರಲಿಲ್ಲ.

ದೂರು ಇನ್ನೂ ಇದೆ. ವಿಚಾರಣೆಗೆ ಕರೆದಾಗಲೆಲ್ಲ ಆಕೆ ಶೆಡ್ಡಿನ ಕೆಲಸ ಬಿಟ್ಟು ಬಸ್ಸು ಹಿಡಿದು ಬರುತ್ತಾರೆ. ನಾನೂ ಹೋಗುತ್ತೇನೆ. ಈಗ ತಲೆಬರಹವನ್ನೂ ನಾನೇ ಬರೆದು ಕಳಿಸುತ್ತೇನೆ.