ಹತ್ತು ನಿಮಿಷದ ನಿಲುಗಡೆ

ನಿವೃತ್ತಿಯ ದಿನ ಸಾರಿಗೆ ಇಲಾಖೆ ಟೈಮಪ್ಪನವರಿಗೆ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಮೂವತ್ತೊಂದು ವರ್ಷ ನಿಮಿಷ ನಿಮಿಷಕ್ಕೂ ಅವರ ಜೀವ ಹಿಂಡಿದ ಇಲಾಖೆಗೆ ಬೇರೆ ಉಡುಗೊರೆ ಹೊಳೆಯಲಿಲ್ಲ ನೋಡಿ. ಟೈಮಪ್ಪನವರಿಗೆ ಬೇರೆ ಹೆಸರಿದೆ. ಆದರೆ ಬಸ್ಸನ್ನು ಎಂದೂ ತಡ ಮಾಡದ ಈ ಚಾಲಕನನ್ನು ಡಿಪೋದವರು ಟೈಮಪ್ಪ ಎಂದು ಕರೆದರು, ಅದೇ ಉಳಿಯಿತು.

ರಾಜ್ಯದ ಈ ತುದಿಯಿಂದ ಆ ತುದಿಗೆ ಬಸ್ಸು ಓಡಿಸಿದ ಮನುಷ್ಯ ನೋಡಿದ್ದೇನು? ಬರೀ ಬಸ್ ನಿಲ್ದಾಣ. ಪ್ರತಿ ಊರಲ್ಲೂ, ಬಸ್ಸು ತಿರುಗಿಸುವ ಕೊನೇ ಸ್ಟಾಪಿನಲ್ಲೂ, ಹತ್ತೇ ನಿಮಿಷ ನಿಲುಗಡೆ. ಅಷ್ಟರಲ್ಲೇ ಮೂತ್ರಕ್ಕೆ ಹೋಗಬೇಕು, ಟೀ ಕುಡಿಯಬೇಕು, ಗುಮಾಸ್ತನ ಕಿಟಕಿಯಲ್ಲಿ ಸಹಿ ಹಾಕಬೇಕು. ಹನ್ನೊಂದನೆಯ ನಿಮಿಷಕ್ಕೆ, ತಡವೇಕೆಂದು ಕೇಳುವ ಮೆಮೊ. ಕಾಂಪೌಂಡಿನ ಆಚೆ ಕೋಟೆಯಿದ್ದರೇನು, ಕಡಲಿದ್ದರೇನು? ಪ್ರಯಾಣಿಕರಾದ ನಾವೂ ಕಡಿಮೆಯವರಲ್ಲ. ಅವರು ಟೀ ಲೋಟ ಕೆಳಗಿಡುವ ಮುಂಚೆಯೇ ಕಿಟಕಿಯಿಂದ ತಲೆ ಹಾಕಿ, "ಏನಪ್ಪಾ, ಹೊರಡೋ ಯೋಚನೆ ಇದೆಯಾ?" ಎಂದವರೇ.

ಮನೆಯಲ್ಲಿ ಟೈಮಪ್ಪ ಇದನ್ನು ಬಾಯಿಬಿಟ್ಟಿರಲಿಲ್ಲ. ಹೆಂಡತಿ ಶಿಶುವಿಹಾರದ ಆಯಾ. ಎಲ್ಲರ ಬಾಯಲ್ಲೂ ಆಯಮ್ಮ. ಆಕೆ "ಇವತ್ತು ಏನು ನೋಡಿದ್ರಿ?" ಎಂದು ಆಸೆಯಿಂದ ಕೇಳಿದರೆ "ಗೋಡೆ" ಎನ್ನಲು ಯಾವ ಗಂಡನಿಗೆ ಮನಸ್ಸು ಬಂದೀತು? ಸೀಟಿನ ಹಿಂದೆ ಕೂತ ಪ್ರಯಾಣಿಕರು ಆಡಿದ್ದನ್ನೇ ತಾವು ಕಂಡದ್ದೆಂದು ಹೇಳಿಬಿಡುತ್ತಿದ್ದರು. ಅದರಲ್ಲೆಲ್ಲ ಚೆಂದದ್ದು ಜಲಪಾತದ ಕಥೆ: ಕೊನೇ ಸ್ಟಾಪಿನ ಊರಲ್ಲಿ, ನಿಲ್ದಾಣದ ಬೆನ್ನಿಗೇ ಜಲಪಾತ, ನಡುನೀರಲ್ಲಿ ಮಲಗಿದ ಎಮ್ಮೆಯಂಥ ಬಂಡೆ. ಆಯಮ್ಮ ಅದನ್ನು ಮಕ್ಕಳಿಗೆ ಹೇಳಿದರು. ವರ್ಷ ವರ್ಷವೂ ಹೊಸ ಮಕ್ಕಳು, ಅದೇ ಎಮ್ಮೆ.

ನಿವೃತ್ತಿಯ ಮೇಲೆ ಇಬ್ಬರೂ ಹಳೆಯ ಶಾಲಾ ವ್ಯಾನೊಂದನ್ನು ತಂದು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಕ್ಯಾನು ಕೂರಿಸಿ ಓಡುವ ಮನೆ ಮಾಡಿಕೊಂಡರು. ಡ್ರೈವರ್ ಸೀಟಿನ ಹಿಂದೆ ಆ ಗಡಿಯಾರ. ಶಿಶುವಿಹಾರಕ್ಕೆ ರಜೆ ಬಂದದ್ದೇ, ಸ್ವಂತ ರಾಜ್ಯವನ್ನು ಕಣ್ತುಂಬ ನೋಡಿ ಬರೋಣವೆಂದು ಹೊರಟರು. ಆಯಮ್ಮನ ಕೈಚೀಲದಲ್ಲಿ ಮಕ್ಕಳು ಬರೆದುಕೊಟ್ಟ ಎಮ್ಮೆಬಂಡೆಯ ಚಿತ್ರ.

"ಇದರ ಪಕ್ಕದಲ್ಲೇ ನಿಜವಾದ ಫೋಟೋ ಅಂಟಿಸ್ತೀನಿ ಅಂತ ಮಾತು ಕೊಟ್ಟಿದೀನಿ," ಎಂದರು. ಟೈಮಪ್ಪ ಕನ್ನಡಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದರು.

ಮೊದಲ ಮೂರು ದಿನ ವ್ಯಾನು ಹೋದ ಹೋದ ಊರಲ್ಲಿ ನೇರ ಬಸ್ ನಿಲ್ದಾಣಕ್ಕೇ ನುಗ್ಗಿತು. ಸ್ಟೇರಿಂಗ್ ಹಿಡಿದ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಏನ್ರೀ ಇದು, ಊರು ಬಿಟ್ಟು ಬರೀ ಪ್ಲಾಟ್‌ಫಾರ್ಮ್ ತೋರಿಸ್ತಾ ಇದೀರಲ್ಲ."

"ನೀರು ಸಿಗುತ್ತೆ ಕಣೇ. ನೆರಳೂ ಇದೆ."

"ಹಾರ್ನ್ ಬೇರೆ ಪುಕ್ಕಟೆ."

ಎರಡನೆಯ ಊರಲ್ಲಿ ಬಾಚಣಿಗೆ ಕೊಳ್ಳಲು ಇಳಿದ ಹೆಂಡತಿಯನ್ನು ಬಿಟ್ಟೇ ಹತ್ತನೆಯ ನಿಮಿಷಕ್ಕೆ ಗಾಡಿ ಎತ್ತಿಬಿಟ್ಟರು. ಅರ್ಧ ಮೈಲಿ ಹೋದ ಮೇಲೆ "ಒಂದ್ ಲೋಟ ನೀರು ಕೊಡೇ" ಎಂದಾಗ ಉತ್ತರ ಬರಲಿಲ್ಲ. ಗಾಡಿ ತಿರುಗಿಸಿ ಬಂದರೆ ಆಯಮ್ಮ ಬೆಂಚಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು.

"ಮನೆಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸೋಣ ಅಂತಿದ್ದೆ," ಎಂದರು.

ಜಲಪಾತದ ಊರು ಹತ್ತಿರವಾದಷ್ಟೂ ಟೈಮಪ್ಪನವರ ನೆಪಗಳು ಹೆಚ್ಚಾದವು. ರಸ್ತೆ ಕೆಟ್ಟಿದೆ ಎಂದರು. ಈಗ ನೀರಿರಲ್ಲ ಎಂದರು. ಯಾವುದೂ ನಡೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕೊನೇ ಸ್ಟಾಪಿನಲ್ಲಿ ವ್ಯಾನು ನಿಂತಿತು. ಆಯಮ್ಮ ಚಿತ್ರ ಹಿಡಿದು ನಿಲ್ದಾಣದ ಹಿಂದಕ್ಕೆ ಹೋದರು. ಅಲ್ಲಿದ್ದದ್ದು ಪಾಚಿಗಟ್ಟಿದ ಗೋಡೆ, ನಾಲ್ಕಾರು ಸವೆದ ಟೈರು.

"ಎಲ್ರೀ ಜಲಪಾತ?"

"ನಾನು ನೋಡಿಲ್ಲ ಕಣೇ."

"ಈ ಊರಿಗೆ ಎಷ್ಟು ಸಲ ಬಂದಿದೀರಿ?"

"ಸಾವಿರ ಸಲ ಬಂದಿರಬಹುದು. ಯಾವ ಊರನ್ನೂ ನೋಡಿಲ್ಲ. ಯಾರೋ ಹೆಂಗಸು ಹಿಂದೆ ಕೂತು ಹೇಳ್ತಾ ಇದ್ಲು, ಕೇಳಿಸ್ಕೊಂಡೆ."

ಆಯಮ್ಮ ಚಿತ್ರವನ್ನು ಮಡಿಸಿದರು. "ನನಗೆ ಸುಳ್ಳು ಹೇಳಿದ್ದು ಹಾಳಾಗಿ ಹೋಗಲಿ, ಗಂಡ ಅಂತ ಬಿಟ್ಟುಬಿಡ್ತಿದ್ದೆ. ನನ್ನ ಬಾಯಲ್ಲಿ ಅಷ್ಟು ಮಕ್ಕಳಿಗೆ ಸುಳ್ಳು ಹೇಳಿಸಿದ್ರಲ್ಲ. ನಡೀರಿ ಮನೆಗೆ."

ವ್ಯಾನು ಹತ್ತಿ ಮಂಚದ ಮೇಲೆ ಬೆನ್ನು ತಿರುಗಿಸಿ ಕೂತರು.

ಟೈಮಪ್ಪ ಎಂಜಿನ್ ಶುರು ಮಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ನಿಲ್ದಾಣದ ಗೇಟನ್ನು ನಡೆದು ದಾಟಿದರು. ತರಕಾರಿ ಮಾರುವವಳನ್ನು ಕೇಳಿದರು, ಸೈಕಲ್ ರಿಪೇರಿಯವನನ್ನು ಕೇಳಿದರು. ಬೆವರೊರೆಸುತ್ತ ಬಂದು ಬಾಗಿಲಲ್ಲಿ ನಿಂತರು.

"ಇದೆಯಂತೆ ಕಣೇ. ಎರಡು ಮೈಲಿ. ಗಾಡಿ ಹೋಗಲ್ಲ, ನಡೀಬೇಕು. ಎಮ್ಮೆ ವಿಷಯ ಕೇಳೋಕೆ ಧೈರ್ಯ ಬರಲಿಲ್ಲ."

ಎರಡು ಮೈಲಿ. ಒಬ್ಬ ಚಾಲಕನಿಗೆ ಒಂದೇ ಒಂದು ಮಧ್ಯಾಹ್ನ ಬಿಟ್ಟುಕೊಟ್ಟಿದ್ದರೆ ಇಲಾಖೆಯ ಚಾವಣಿ ಕುಸಿದು ಬೀಳುತ್ತಿತ್ತೇ?

ಆಯಮ್ಮ ಎದ್ದು, ಗಡಿಯಾರ ಇಳಿಸಿ, ಅದರ ಸೆಲ್ಲು ತೆಗೆದು ಸಕ್ಕರೆ ಡಬ್ಬಿಯ ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿದರು.

ಜಲಪಾತ ದೊಡ್ಡದೇನಲ್ಲ, ಎರಡು ಮಹಡಿಯಷ್ಟು ಎತ್ತರ. ಆದರೆ ಹನಿ ಮುಖಕ್ಕೆ ಹಾರುತ್ತಿತ್ತು. ಆಯಮ್ಮ ಚಿತ್ರ ಬಿಚ್ಚಿ ಹಿಡಿದು ನೀರಿನ ಉದ್ದಗಲಕ್ಕೂ ಹುಡುಕಿದರು.

"ಎಮ್ಮೆ ಎಲ್ಲಿ?"

ಟೈಮಪ್ಪ ಕಣ್ಣು ಕಿರಿದು ಮಾಡಿ ನೋಡಿದರು. "ಮೇಯೋಕೆ ಹೋಗಿರಬೇಕು."

ನಗಬಾರದೆಂದು ಆಯಮ್ಮ ತುಟಿ ಕಚ್ಚಿದರು, ಆಗಲಿಲ್ಲ. ನಕ್ಕು ಮುಗಿದ ಮೇಲೆ ಹೇಳಿದರು: "ಮಕ್ಕಳಿಗೆ ಹೇಳಿಬಿಡ್ತೀನಿ. ಎಮ್ಮೆ ಇಲ್ಲ, ತಾತ ನೋಡದೇ ಹೇಳಿದ್ರು ಅಂತ."

"ಹೇಳು."

"ಇವತ್ತು ನೋಡಿದ್ರು ಅಂತಾನೂ ಹೇಳ್ತೀನಿ."

ಇಬ್ಬರೂ ದಡದ ಬಂಡೆಯೊಂದರ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಟೈಮಪ್ಪ ಪ್ಯಾಂಟಿನ ಧೂಳು ಕೊಡವುತ್ತ ಎದ್ದು ನಿಂತರು. ಕೈಯಲ್ಲಿ ವಾಚಿಲ್ಲ, ಗಡಿಯಾರ ವ್ಯಾನಿನಲ್ಲಿ ಸತ್ತು ಬಿದ್ದಿದೆ. ಮೈಗೆ ಮಾತ್ರ ಹತ್ತು ನಿಮಿಷ ಗೊತ್ತಾಗಿಬಿಟ್ಟಿತ್ತು.

ಆಯಮ್ಮ ಅಂಗಿಯ ಚುಂಗು ಹಿಡಿದೆಳೆದರು. "ಕೂತ್ಕೊಳ್ಳಿ. ಮೆಮೊ ಬಂದ್ರೆ ನಾನು ಸಹಿ ಹಾಕ್ತೀನಿ."

ಟೈಮಪ್ಪ ಕೂತರು.