ನಾಲ್ಕು ಮಾಸ್ತರರ ಬ್ಯಾಂಡ್

ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನೇ ಮಾಸ್ತರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಾಲ್ವರು ಮಾಸ್ತರರು ತಮ್ಮ ತಮ್ಮ ಬ್ಯಾಂಡ್ ಬಿಟ್ಟು ಒಂದೇ ಬ್ಯಾಂಡ್ ಕಟ್ಟಿದರು. ಯಲಬುರ್ಗಾದವರೇ ನಿಮ್ಮ ಅಜ್ಜ.

ಆ ಬ್ಯಾಂಡ್ ಮೊದಲು ಊದಿದ್ದು ಕುಕನೂರಿನಲ್ಲಿ, ನಮ್ಮ ಬಳಗದ ಮದುವೆಯಲ್ಲಿ. ಮದುಮಗ ಕುದುರೆ ಹತ್ತಿದ ಮೇಲೆ ನೋಡಿದರೆ, ಡ್ರಮ್ ಬಡಿಯಲು ಯಾರೂ ಇಲ್ಲ.

"ನೀವ ಬಡೀರಲ್ಲ," ಎಂದರು ಗಂಗಾವತಿಯವರು ಅಜ್ಜನಿಗೆ.

"ಮಾಸ್ತರ ಆದಂವಾ ಡ್ರಮ್ ಹೊರ್ತಾನೇನ್ರಿ?"

ನಾಲ್ವರೂ ಒಮ್ಮೆಗೇ ನಾಲ್ಕು ಬೇರೆ ಬೇರೆ ಹಾಡು ಊದಿದರು. ತಾಳಕ್ಕೆ ನಡೆದು ರೂಢಿಯಾದ ಕುದುರೆ ಕದಲಲಿಲ್ಲ. ಮುಹೂರ್ತ ಮೀರುತ್ತದೆಂದು ಮದುಮಗನ ತಾಯಿ ಅಳತೊಡಗಿದಳು. ಜನರೆದುರು ಎಂದೂ ತಲೆಯೆತ್ತದ ನಾನು, ಸೆರಗು ಮುಂದಕ್ಕೆಳೆದು, ಊಟದ ಗಂಗಾಳವನ್ನು ಸೌಟಿನಿಂದ ಬಡಿದೆ. ಕುದುರೆ ನಡೆಯಿತು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು.

ಊಟದ ಪಂಕ್ತಿಯಲ್ಲೇ ಬ್ಯಾಂಡ್ ಒಡೆಯಿತು. ನಾನು ಯಾರ ಹಾಡಿಗೆ ಬಡಿದೆನೆಂದು ಜಗಳ.

"ನಮ್ಮ ಮನಿಯಾಕಿ, ನನ್ನ ಹಾಡಿಗೇ ಬಡದಾಳ," ಎಂದರು ಅಜ್ಜ.

ನಾನು ಕುದುರೆಯ ಕಾಲು ನೋಡಿ ಬಡಿದಿದ್ದೆ.