ಎರಡನೇ ಕಲ್ಲಾಟ

ಭಾಂಡುಪಿನ ನಮ್ಮ ಮನೆಗೆ ಈ ವಾರ ಬಣ್ಣ ಹೊಡೆಸುತ್ತಿದ್ದೇವೆ. ವಿಜಯಪುರ ಕಡೆಯ ಪೇಂಟರ್ ಲಾಫ್ಟ್ ಹತ್ತಿ ಹಳೇ ಸಾಮಾನನ್ನೆಲ್ಲ ಒಂದೊಂದಾಗಿ ಕೆಳಗಿಳಿಸುತ್ತಿದ್ದ. ಒಂದು ಪ್ಲಾಸ್ಟಿಕ್ ಚೀಲವನ್ನು ಕಸದ ರಾಶಿಯ ಮೇಲೆ ಹಿಡಿದು, "ಅಕ್ಕಾರ, ಇದು ಒಗಿಯೂದೇನ್ರಿ?" ಎಂದು ಕೇಳಿದ. ಬಿಚ್ಚಿ ನೋಡಿದರೆ ಟಿವಿ ಗೇಮಿನ ರಿಮೋಟು. ಬೆಳ್ಳಗಿದ್ದದ್ದು ಹಳದಿಯಾಗಿದೆ, ತಂತಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಮೂಗಿನ ಹತ್ತಿರ ತಂದೆ. ಆ ವಾಸನೆ ಇನ್ನೂ ಹೋಗಿಲ್ಲ... ನೋವಿಗೆ ಹಚ್ಚುವ ಎಣ್ಣೆಯ ವಾಸನೆ. ಇಡೀ ಮುಂಬಯಿಯಲ್ಲಿ ಹೀಗೆ ನಾರುವ ಟಿವಿ ಗೇಮು ಇದೊಂದೇ ಇರಬೇಕು.

ಅದು ಎದುರುಮನೆ ದೊಡ್ಡಮ್ಮನ ಎಣ್ಣೆ. ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ. ಚೆಂಬೂರಿನ ಕಾಲೊನಿಯಲ್ಲಿ ನನ್ನ ತವರುಮನೆ ಬಾಗಿಲಿಗೆ ಎದುರು ಬಾಗಿಲು ಅವರದು. ಮದುವೆಯಾಗಿ ಮೈಸೂರಿನಿಂದ ಬಂದವರು, ನಮ್ಮಮ್ಮನಿಗಿಂತ ಹಿರಿಯರು, ಹಾಗಾಗಿ ದೊಡ್ಡಮ್ಮ. ಅವರ ಯಜಮಾನರು ರಿಫೈನರಿಯಲ್ಲಿದ್ದು ರಿಟೈರ್ ಆಗಿದ್ದರು, ಅವರು ದೊಡ್ಡಪ್ಪ. ದೊಡ್ಡಮ್ಮನಿಗೆ ಊಟವೆಂದರೆ ಊಟ. ಪ್ರತಿ ರಾಮನವಮಿಗೆ ಮಾಟುಂಗದಲ್ಲಿ ನಮ್ಮವರ ಪಂಕ್ತಿ ಊಟ ಇರುತ್ತಿತ್ತು. ಅಲ್ಲಿ ಎಲೆಯ ಮೇಲೆ ಅನ್ನ ಗುಡ್ಡೆ ಮಾಡಿ, ನಡುವೆ ಹಳ್ಳ ತೋಡಿ, ಸಾರು ಹಾಕಿಸಿಕೊಂಡು, ಒಂದು ಹನಿಯೂ ಎಲೆಯಾಚೆ ಹೋಗದ ಹಾಗೆ ಕಲೆಸಿ ಉಣ್ಣುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ನನಗೆ ಸಾರನ್ನ ಉಣ್ಣಲು ಬರುವುದಿಲ್ಲವೆಂದು ಎಲ್ಲರ ಮುಂದೆ ಛೇಡಿಸುತ್ತಿದ್ದರು.

ಅಂಥವರಿಗೆ ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು. ಬಲಗೈ ಮೇಲೇಳುತ್ತಿತ್ತು, ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ತುತ್ತು ಕಟ್ಟಲು ಆಗುತ್ತಿರಲಿಲ್ಲ. ದೊಡ್ಡಪ್ಪ ಸ್ಟೀಲ್ ಚಮಚ ತಂದರು. ದೊಡ್ಡಮ್ಮ ಅದನ್ನು ಎಡಗೈಯಲ್ಲಿ ಹಿಡಿದು ಅಡಿಗೆಮನೆ ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಿದ್ದರು. ಕಟ್ಟಿಕೊಂಡ ಗಂಡನೂ ನೋಡಕೂಡದು. ಆ ವರ್ಷ ರಾಮನವಮಿಗೆ ಎಷ್ಟು ಕರೆದರೂ ಬರಲಿಲ್ಲ. ಎಡಗೈಯಲ್ಲಿ ಪಂಕ್ತಿಯಲ್ಲಿ ಕೂರುವುದಿಲ್ಲ, ಯಾರಾದರೂ ಬಾಯಿಗಿಡುವುದಂತೂ ಬೇಡವೇ ಬೇಡ ಎಂದುಬಿಟ್ಟರು. ಪಾನಕ ತಂದುಕೊಟ್ಟೆ. ಕುಡಿದು ಲೋಟ ವಾಪಸು ಕೊಟ್ಟರು, ಊಟ ಹೇಗಿತ್ತೆಂದು ಕೇಳಲಿಲ್ಲ. ನನಗೆ ಅಳು ಬಂದಿತ್ತು.

ಬೆರಳಿಗೆ ಕೆಲಸ ಕೊಡಿ ಎಂದು ಹೇಳಿ ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಹಿಚುಕಿ ಹಿಚುಕಿ ಬೇಜಾರಾಗಿ ದೊಡ್ಡಮ್ಮ ಮಂಚದ ಕೆಳಗೆ ಬಿಸಾಡಿದ್ದರು. ನಾನಾಗ ಬಿ.ಕಾಂ. ಮುಗಿಸಿ ಕೆಲಸಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ತಮ್ಮ ಹಾಸ್ಟೆಲಿಗೆ ಹೋಗಿದ್ದ, ಅವನ ಟಿವಿ ಗೇಮು ನನ್ನ ಪಾಲಿಗೆ ಬಿದ್ದಿತ್ತು. ಚೆಂಡಿನ ಬದಲು ಇದಾಗಲಿ ಎಂದು ಹೊತ್ತುಕೊಂಡು ಹೋಗಿ ಅವರ ಟಿವಿಗೆ ಜೋಡಿಸಿದೆ.

ಕ್ಯಾಸೆಟ್ ಎರಡಿದ್ದವು. ಮೇಲೆ ಜಪಾನಿ ಅಕ್ಷರ, ಹೆಸರು ನಮಗೆ ಗೊತ್ತಿರಲಿಲ್ಲ. ನಾವು ಕರೆಯುತ್ತಿದ್ದುದು ಕಲ್ಲಾಟ, ಎರಡನೇ ಕಲ್ಲಾಟ ಅಂತ. ಮೊದಲನೆಯದರಲ್ಲಿ ಒಬ್ಬ ಕುಳ್ಳ. ಕೋಣೆ ತುಂಬ ಕಲ್ಲು, ಓಡಾಡುವ ದೆವ್ವಗಳು. ಕಲ್ಲು ತಳ್ಳಿ ದೆವ್ವಗಳ ದಾರಿ ಮುಚ್ಚಿ ಬಾಗಿಲು ಸೇರಬೇಕು. ತಳ್ಳಬಹುದು ಅಷ್ಟೆ, ಎಳೆಯಲಾಗದು. ಕಲ್ಲು ಮೂಲೆಗೆ ಸೇರಿತೋ, ಆ ಕೋಣೆ ಮತ್ತೆ ಮೊದಲಿಂದ. ಎರಡನೆಯದರಲ್ಲಿ ಬಣ್ಣ ಜಾಸ್ತಿ, ಸಂಗೀತವೂ ಜೋರು, ಜೊತೆಗೆ ಕಲ್ಲನ್ನು ಎಳೆಯಲೂ ಬರುತ್ತಿತ್ತು. ತಪ್ಪು ಮಾಡಿದರೂ ತಿದ್ದಿಕೊಳ್ಳಬಹುದಾದ ಆಟ ಒಂದು ಆಟವೇ ಎಂದು ನಾನೂ ತಮ್ಮನೂ ಅದನ್ನು ಮೂಲೆಗೆ ಹಾಕಿದ್ದೆವು.

ದೊಡ್ಡಮ್ಮ ನಮ್ಮದೇ ಪಕ್ಷ. ಮಧ್ಯಾಹ್ನ ಕೈಗೆ ಎಣ್ಣೆ ಹಚ್ಚಿಸಿಕೊಂಡವರೇ ರಿಮೋಟು ಹಿಡಿದು ಕೂರುತ್ತಿದ್ದರು. ಚೌಕಾಬಾರ ಆಡಿ ಬೆಳೆದ ತಲೆ, ನಾಲ್ಕು ಹೆಜ್ಜೆ ಮುಂದಿನದು ಅವರಿಗೆ ಮೊದಲೇ ಕಾಣುತ್ತಿತ್ತು. ಎರಡನೆಯದನ್ನು ಒಮ್ಮೆ ಹಾಕಿ ತೋರಿಸಿದೆ. ಎಳೆಯೋಕೆ ಬಂದರೆ ಬುದ್ಧಿ ಯಾಕೆ ಬೇಕು, ತೆಗಿ ಅದನ್ನ ಎಂದರು. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ದಾಟಲಾಗದ ಕೋಣೆಗಳನ್ನೂ ದಾಟಿದ್ದರು. ದೊಡ್ಡಪ್ಪ ಬಿಲ್ಡಿಂಗಿನ ತುಂಬ ಹೇಳಿಕೊಂಡು ಬಂದರು. ನಾವೆಲ್ಲ ಖುಷಿಯಲ್ಲಿದ್ದೆವು, ಕೈ ಸರಿಹೋಗುತ್ತಿದೆ ಎಂದು!

ಚಮಚ ಮಾತ್ರ ಹೋಗಿರಲಿಲ್ಲ. ಯಾಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಂದು ದಿನ ದೊಡ್ಡಮ್ಮನೇ ಎರಡೂ ಕೈ ಮುಂದೆ ಚಾಚಿದರು. ಎಡಗೈ ಹೆಬ್ಬೆರಳು ದಡ್ಡುಗಟ್ಟಿತ್ತು. ಬಲಗೈಯದು ಮೆತ್ತಗೆ, ಇದ್ದ ಹಾಗೇ ಇತ್ತು.

"ನೋಡೇ ಮರಿ, ದುಡಿತಿರೋದೆಲ್ಲ ಈ ಎಡಗೈ. ಬಲಗೈ ಸುಮ್ನೆ ಕೂತು ನೋಡ್ತಿದೆ, ನಮ್ಮೆಜಮಾನ್ರ ಥರ."

ಪೇಪರ್ ಓದುತ್ತಿದ್ದ ದೊಡ್ಡಪ್ಪ ಪುಟ ತಿರುವಿದರು. ನನಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ರಿಮೋಟಿನಲ್ಲಿ ಕುಳ್ಳನನ್ನು ನಡೆಸುವ ಗುಂಡಿಗಳು ಎಡಕ್ಕಿವೆ. ತಳ್ಳುವ ಆಟಕ್ಕೆ ಅಷ್ಟೇ ಸಾಕು. ಬಲಗಡೆಯ ಗುಂಡಿಗೆ ಅದರಲ್ಲಿ ಕೆಲಸವೇ ಇಲ್ಲ. ಇಷ್ಟು ತಿಂಗಳು ನಾವು ಚೆನ್ನಾಗಿದ್ದ ಕೈಯನ್ನೇ ಪಳಗಿಸಿದ್ದೆವು.

ಆಗ ನೆನಪಾದದ್ದು ಆ ಮೂಲೆಗೆ ಹಾಕಿದ ಕ್ಯಾಸೆಟ್ಟು. ಕಲ್ಲು ಎಳೆಯಬೇಕಾದರೆ ಬಲಗಡೆಯ ಗುಂಡಿ ಒತ್ತಿ, ಒತ್ತಿದ್ದನ್ನು ಹಿಡಿದುಕೊಂಡೇ ನಡೆಯಬೇಕು. ಹೆಬ್ಬೆರಳು ಸಡಿಲಾದರೆ ಕಲ್ಲು ಅಲ್ಲೇ ಉಳಿಯಿತು, ದೆವ್ವ ಬಂತು.

ಶುರುವಿನಲ್ಲಿ ಒಂದೇ ಒಂದು ಕಲ್ಲೂ ಅಲುಗಲಿಲ್ಲ. ಎಣ್ಣೆ ಕೈ ಬೇರೆ, ಬೆರಳು ಜಾರುತ್ತಿತ್ತು. ಪ್ರತಿ ಸಲ "ಬಿಟ್ಬಿಟ್ಟೆ ಕಣೇ" ಎನ್ನುತ್ತಿದ್ದರು. ದೊಡ್ಡ ಕೋಣೆಗಳನ್ನು ಗೆದ್ದವರು ಮೊದಲನೇ ಕೋಣೆಯಲ್ಲೇ ಮತ್ತೆ ಮತ್ತೆ ಸಾಯುವುದನ್ನು ನೋಡಲಾಗದೆ ನಾನು ಹಳೇ ಕ್ಯಾಸೆಟ್ ಹಾಕಲಾ ಎಂದು ಕೇಳಿದೆ. ಗದರಿದರು. ಬುದ್ಧಿ ಬೇಡದ ಆಟ ಎಂದು ತಾವೇ ಬೈದ ಆಟದ ಮುಂದೆ ದೀಪಾವಳಿ ಕಳೆದು, ಸಂಕ್ರಾಂತಿ ಕಳೆದು ಕೂತರು. ಕಲ್ಲು ಒಂದು ಹೆಜ್ಜೆ ಬಂತು. ಆಮೇಲೆ ಗೋಡೆಯ ತನಕ ಬಂತು. ಒಂದು ಕೋಣೆಯಲ್ಲಿ ಉದ್ದಾನುದ್ದ ಓಣಿ, ಆ ತುದಿಯಿಂದ ಈ ತುದಿಗೆ ಕಲ್ಲು ಎಳೆದು ತರಬೇಕು. ಅದನ್ನು ತಂದ ದಿನ ಬೆವರು ಒರೆಸಿಕೊಂಡು, ಕಾಫಿಗಿಡು ಎಂದರು.

ರಾಮನವಮಿಗೆ ತಾವಾಗಿಯೇ ರೇಷ್ಮೆ ಸೀರೆ ಉಟ್ಟು ಹೊರಟು ನಿಂತರು. ಕುರ್ಲಾದಲ್ಲಿ ಇಳಿದು ಹತ್ತುವ ಲೋಕಲ್ ರೈಲು ಬೇಡವೆಂದು ದೊಡ್ಡಪ್ಪ ಟ್ಯಾಕ್ಸಿ ಮಾಡಿದರು. ಪಂಕ್ತಿಯಲ್ಲಿ ದೊಡ್ಡಮ್ಮ ನಡುವೆ, ನಾನೊಂದು ಪಕ್ಕ, ದೊಡ್ಡಪ್ಪ ಇನ್ನೊಂದು ಪಕ್ಕ. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು. ಮೆಲ್ಲಗೆ ಹಳ್ಳ ತೋಡಿದರು. ಸಾರಿನವನು ಬಗ್ಗಿ ಒಂದು ಸೌಟು ಬಡಿಸಿ ಮುಂದೆ ಹೊರಟ.

"ನಿಲ್ಲಪ್ಪಾ, ಇನ್ನೂ ಹಾಕು," ಎಂದರು.

ಎರಡನೇ ಸೌಟಿಗೆ ಅನ್ನದ ಒಡ್ಡು ಒಡೆದು ಸಾರು ಎಲೆಯ ತುದಿಗೆ ಓಡಿತು. ಅವರು ಬಲಗೈಯಲ್ಲೇ ಅಡ್ಡಗಟ್ಟಿ ಬಳಿದು ತಂದರು, ಕಲೆಸಿದರು. ಮೊದಲ ತುತ್ತು ಅರ್ಧದಾರಿಯಲ್ಲಿ ಚದುರಿ ಎಲೆಗೇ ಬಿತ್ತು. ದೊಡ್ಡಪ್ಪ ಉಣ್ಣುವುದು ನಿಲ್ಲಿಸಿ ತಮ್ಮ ಎಲೆಯನ್ನೇ ನೋಡುತ್ತಿದ್ದರು. ಎರಡನೆಯದನ್ನು ಕಟ್ಟುವಾಗ ನಾನು ದೊಡ್ಡಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದರು. ತುತ್ತು ಬಾಯಿ ಸೇರಿತು. ಅಗಿದು, ನುಂಗಿ, ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ಬಿಡ್ಲಿಲ್ಲ ನೋಡೇ."

ಆಮೇಲೆ ನನ್ನ ಎಲೆ ನೋಡಿ, ಈಗಲೂ ನಿನಗೆ ಸಾರನ್ನ ಉಣ್ಣೋಕೆ ಬರಲ್ಲವಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಛೇಡಿಸಿದರು. ನನ್ನ ಜೀವನದಲ್ಲಿ ಅಷ್ಟು ಸಂತೋಷವಾಗಿ ನಾನು ಬೈಸಿಕೊಂಡದ್ದಿಲ್ಲ.

ಅದಾದಮೇಲೆ ಸುಮಾರು ವರ್ಷ ಇದ್ದರು, ಪಂಕ್ತಿ ತಪ್ಪಿಸಲಿಲ್ಲ. ನಾನು ಮದುವೆಯಾಗಿ ಭಾಂಡುಪಿಗೆ ಬಂದೆ. ಅವರು ಹೋದ ಮೇಲೆ ದೊಡ್ಡಪ್ಪ ಈ ರಿಮೋಟು ತಂದುಕೊಟ್ಟರು, ನಿಮ್ಮದು ನಮ್ಮಲ್ಲೇ ಉಳಿದಿತ್ತಮ್ಮ ಎಂದು... ಗೇಮು ಅಷ್ಟರಲ್ಲಿ ಕೆಟ್ಟಿತ್ತು. ಮೊನ್ನೆ ಮೊನ್ನೆ ಫೋನಿನಲ್ಲಿ ಏನೋ ನೋಡುತ್ತಿದ್ದಾಗ ಅದೇ ಕುಳ್ಳ, ಅದೇ ಕಲ್ಲು ಕಣ್ಣಿಗೆ ಬಿದ್ದವು. ಮೊದಲನೆಯದು ಮೇಲೋ ಎರಡನೆಯದು ಮೇಲೋ ಎಂದು ಜನ ಇನ್ನೂ ಜಗಳ ಆಡುತ್ತಿದ್ದಾರೆ. ಹೆಚ್ಚಿನವರದು ಒಂದೇ ಮಾತು, ಎಳೆಯಲು ಬಿಟ್ಟು ಆಟ ಕೆಡಿಸಿದರಂತೆ. ಎರಡನೆಯದೇ ಮೇಲು ಎಂದು ನಾನೂ ಬರೆದೆ. ನಿನಗೆ ಆಟ ಗೊತ್ತಿಲ್ಲ ಎಂದು ಯಾರೋ ಉತ್ತರ ಕೊಟ್ಟರು. ಹೋಗಲಿ ಬಿಡಿ.

ಪೇಂಟರಿಗೆ ಇದು ಒಗೆಯೋದಲ್ಲಪ್ಪ ಎಂದೆ. ಬಲಗಡೆಯ ಗುಂಡಿ ಸವೆದು ಒಳಗೆ ತಗ್ಗಿದೆ, ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಒತ್ತಿದೆ. ಎದುರಿಗೆ ಟಿವಿ ಇಲ್ಲ, ಕಲ್ಲಿಲ್ಲ. ದೊಡ್ಡಮ್ಮ ಇಲ್ಲ. ಆದರೂ ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದುಕೊಂಡಿದ್ದೆ. ಆಮೇಲೆ ಎದ್ದು ಸಾರಿಗೆ ಬೇಳೆ ಹಾಕಿದೆ.